ಮೇಷ್ಟ್ರಿಗೆ ಪೋಷಕರ ಅನುಮತಿ

ಅಂದಿನ ಅನಾಹುತಕ್ಕೆಲ್ಲ ಮೂಲ ವಿಜ್ಞಾನದ ಮೇಷ್ಟ್ರ ಬಲಗೈ ಹೆಬ್ಬೆರಳು. ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮೊದಲೇ ಅವರು ಮೊಬೈಲಿನಲ್ಲಿ ಒಂದು ಆನ್‌ಲೈನ್ ಪ್ರಯೋಗಶಾಲೆಯ ಬಾಗಿಲು ತಟ್ಟುತ್ತಾ ಕೂತಿದ್ದರು. ಒಳಗೆ ಬಿಡಬೇಕಾದರೆ ಹುಟ್ಟಿದ ವರ್ಷ ಹೇಳಬೇಕಂತೆ. ವರ್ಷಗಳ ಸಾಲು ಈ ವರ್ಷದಿಂದ ಶುರುವಾಗಿ ಹಿಂದಕ್ಕೆ ಹೋಗುತ್ತಿತ್ತು, ಮೇಷ್ಟ್ರು ಹುಟ್ಟಿದ್ದು ಆ ಸಾಲಿನ ಪಾತಾಳದಲ್ಲಿ. ಹೆಬ್ಬೆರಳಿನಿಂದ ನೂಕಿದರು, ಮತ್ತೆ ನೂಕಿದರು, ಅದು ತೆವಳಿಕೊಂಡು ಹೋಗಿ ಅಲ್ಲಲ್ಲೇ ನಿಂತಿತು. "ನನ್ನ ವಯಸ್ಸು ಕಟ್ಟಿಕೊಂಡು ಇದಕ್ಕೇನಾಗಬೇಕು?" ಎಂದು ಗೊಣಗಿ ಸಿಕ್ಕ ವರ್ಷವನ್ನೇ ಒತ್ತಿಬಿಟ್ಟರು. ಆ ಲೆಕ್ಕದಲ್ಲಿ ಅವರಿಗೆ ಒಂಬತ್ತು ವರ್ಷ.

ಪರದೆಯ ಮೇಲೆ ಟೊಪ್ಪಿ ಹಾಕಿಕೊಂಡ ಮೊಲವೊಂದು ಪ್ರತ್ಯಕ್ಷವಾಗಿ ಕೈ ಬೀಸಿತು. "ನಮಸ್ಕಾರ ಪುಟ್ಟಾ! ನೀನಿನ್ನೂ ಚಿಕ್ಕವನು. ಒಳಗೆ ಬರಲು ನಿನ್ನ ಪೋಷಕರ ಅನುಮತಿ ಬೇಕು. ಅವರ ಫೋನ್ ನಂಬರ್ ಹಾಕು!"

ಮೇಷ್ಟ್ರು ಗಾಬರಿಯಾಗಿ ವರ್ಷ ತಿದ್ದಲು ಹೋದರು. "ಒಮ್ಮೆ ಹೇಳಿದ ವಯಸ್ಸು ಬದಲಾಗುವುದಿಲ್ಲ ಪುಟ್ಟಾ, ಜಾಣರು ಸುಳ್ಳು ಹೇಳುವುದಿಲ್ಲ" ಎಂದಿತು ಮೊಲ. ಹೊಸ ಖಾತೆ ತೆರೆಯೋಣವೆಂದರೆ ಒಂದು ನಂಬರಿಗೆ ಒಂದೇ ಖಾತೆ. ಮೊಲ ರೆಪ್ಪೆ ಬಡಿಯುತ್ತಾ ಕಾಯುತ್ತಿತ್ತು.

ಐವತ್ತು ದಾಟಿದ ಮನುಷ್ಯನಿಗೆ ಈ ಮೊಲದ ಸಹವಾಸ ಯಾಕೆ ಬೇಕಾಯಿತು ಅನ್ನುವುದನ್ನು ಹೇಳಬೇಕು. ಶಾಲೆಯಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಹೇಳುತ್ತಿದ್ದ ಹಿರಿಯರು ನಿವೃತ್ತರಾಗಿದ್ದರು. ನಮ್ಮ ಮೇಷ್ಟ್ರು ಕೆಲಸಕ್ಕೆ ಸೇರಿದಾಗಿನಿಂದ ಎಂಟನೇ ತರಗತಿ. ಹತ್ತನೆಯ ಮೇಷ್ಟ್ರ ಗತ್ತೇ ಬೇರೆ. ಫಲಿತಾಂಶದ ದಿನ ತಂದೆತಾಯಂದಿರು ಹುಡುಕಿಕೊಂಡು ಬಂದು ಕೈ ಕುಲುಕುತ್ತಾರೆ. ಎಂಟನೆಯ ಮೇಷ್ಟ್ರ ಕೈಯನ್ನು ಯಾರೂ ಕುಲುಕುವುದಿಲ್ಲ, ಅದರಲ್ಲಿ ಬರೀ ಸೀಮೆಸುಣ್ಣ. ನಿವೃತ್ತಿಯಾಗುವ ಮೊದಲು ಒಂದೇ ಒಂದು ಸಲ ಆ ಕುರ್ಚಿಯಲ್ಲಿ ಕೂರಬೇಕೆಂದು ಅವರಿಗೆ ಹೊಟ್ಟೆಯೊಳಗೇ ಆಸೆಯಿತ್ತು. ಆಸೆಯ ಎದುರಿಗೆ ಕಂಪ್ಯೂಟರ್ ಮೇಷ್ಟ್ರಿದ್ದರು. ಚಿಕ್ಕ ವಯಸ್ಸು, ಚುರುಕು ಬೆರಳು, ಎಲ್ಲರ ಕೆಲಸದಲ್ಲೂ ಮೂಗು.

"ಇನ್ಸ್‌ಪೆಕ್ಟರ್ ಮೇಡಂ ಬಂದು ನಿಮ್ಮ ಪಾಠ ನೋಡ್ತಾರೆ" ಎಂದು ಹೆಡ್‌ಮಿಸ್ ಹೋದ ವಾರವೇ ಹೇಳಿದ್ದರು. "ಆನ್‌ಲೈನ್‌ನಲ್ಲಿ ಮಕ್ಕಳಿಗೆ ಇಷ್ಟ ಆಗೋಂಥದ್ದು ಏನಾದ್ರೂ ಹುಡುಕಿ, ಅದ್ರಲ್ಲೇ ಪಾಠ ಮಾಡ್ಬೇಕು. ಅವರಿಗೆ ಹಿಡಿಸಿದ್ರೆ ಹತ್ತನೇ ಕ್ಲಾಸು ನಿಮ್ದು. ಇಲ್ಲಾಂದ್ರೆ..." ಎಂದು ಅವರು ಕಂಪ್ಯೂಟರ್ ಮೇಷ್ಟ್ರ ಕಡೆ ನೋಡಿದ್ದರು. ಕಂಪ್ಯೂಟರ್ ಮೇಷ್ಟ್ರು ಆಗಲೇ ಕಾಲರ್ ಸರಿಮಾಡಿಕೊಂಡಿದ್ದರು.

ಮೇಷ್ಟ್ರು ವಾರವೆಲ್ಲ ಹುಡುಕಿದ್ದೇನೋ ನಿಜ. ಒಂದು ವಿಡಿಯೋದಲ್ಲಿ ನೀಲಿ ಕೂದಲಿನವನೊಬ್ಬ ನ್ಯೂಟನ್ನನ ನಿಯಮಗಳನ್ನು ಬೆಂಕಿ ಬಿದ್ದ ಮನೆಯಿಂದ ಓಡಿಬರುವವನ ಹಾಗೆ ಕಿರುಚಿ ಹೇಳುತ್ತಿದ್ದ. 'ಮನೆಯಲ್ಲೇ ಮಾಡಬಹುದಾದ ಸುಲಭ ಪ್ರಯೋಗ' ಎಂಬುದಕ್ಕೆ ಮೊದಲು ಒಂದು ಈಜುಕೊಳ ಬೇಕಾಗಿತ್ತು. ಇನ್ನೊಂದು ಕಡೆ ಮಕ್ಕಳ ಕ್ವಿಜ್ ಇತ್ತು, ಪರೀಕ್ಷಿಸಿ ನೋಡೋಣವೆಂದು ತಾವೇ ಕೂತರು. 'ಇನ್ನಷ್ಟು ಪ್ರಯತ್ನಿಸು' ಎಂದು ಬಂತು. ಅದನ್ನು ತಟ್ಟನೆ ಮುಚ್ಚಿ, ಮನೆಯವರು ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡರು. ಕೊನೆಗೆ ಸೇತುವೆ ಕಟ್ಟುವ ಆಟವೊಂದು ಸಿಕ್ಕಿತು. ಲಾರಿ ಬೀಳದ ಹಾಗೆ ಸೇತುವೆ ಕಟ್ಟಬೇಕು. ಮಿಕ್ಕ ಸಂಜೆಗಳೆಲ್ಲ ಅದರಲ್ಲೇ ಕಳೆದವು. ಸೇತುವೆ ಗಟ್ಟಿಯಾಯಿತು, ಪಾಠ ಮಾತ್ರ ಸಿದ್ಧವಾಗಲಿಲ್ಲ. ಮೇಡಂ ಬರುವ ದಿನವೂ ಬೆಳಗಾಯಿತು, ಶಿಕ್ಷಣ ಇಲಾಖೆ ಒಪ್ಪಿದ ತಾಣಗಳಲ್ಲಿ ಉಳಿದಿದ್ದು ಈ ಮೊಲದ ಪ್ರಯೋಗಶಾಲೆಯೊಂದೇ. ಅದರಲ್ಲಿ ವಿದ್ಯುತ್ ಮಂಡಲದ ಪಾಠವಿತ್ತು. ಬ್ಯಾಟರಿ, ವೈರು, ಬಲ್ಬು ಎಲ್ಲವನ್ನೂ ಬೆರಳಲ್ಲಿ ಎಳೆದು ಜೋಡಿಸಬಹುದಿತ್ತು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಪಾಳಿಗೆ ಹೋಗಿದ್ದಳು, ಡ್ಯೂಟಿ ಮುಗಿಯುವ ತನಕ ಅವಳ ಫೋನು ಲಾಕರಿನಲ್ಲಿ. ಮನೆಯಲ್ಲಿದ್ದ ಇನ್ನೊಂದು ಫೋನು ಅಮ್ಮನದು. ಮೇಷ್ಟ್ರು ಕಣ್ಣು ಮುಚ್ಚಿ ಅಮ್ಮನ ನಂಬರ್ ಒತ್ತಿದರು. ಹಜಾರದಲ್ಲಿ ಪೇಪರ್ ಓದುತ್ತಿದ್ದ ಅಮ್ಮನ ಫೋನು ಟಿಂಗ್ ಎಂದಿತು.

"ಏನೋ ಇದು?" ಎಂದರು ಅಮ್ಮ, ಕನ್ನಡಕ ಏರಿಸಿ. "'ನಿಮ್ಮ ಮಗು ವಿಜ್ಞಾನದ ಪ್ರಯೋಗ ಮಾಡಲು ಬಯಸುತ್ತಿದೆ' ಅಂತ ಬಂದಿದೆ. ಯಾರ ಮಗು?"

"ನಾನೇ ಅಮ್ಮ."

"ನಿನಗೆ ಒಂಬತ್ತು ವರ್ಷ ಅಂತಿದೆಯಲ್ಲೋ!"

"ಬೆರಳು ಜಾರಿತಮ್ಮ. ಸುಮ್ನೆ 'ಆಗಲಿ' ಅಂತ ಒತ್ತಿಬಿಡು, ಸ್ಕೂಲಿಗೆ ಹೊತ್ತಾಯ್ತು."

"ಓದದೆ ಎಲ್ಲೂ ಸಹಿ ಹಾಕಬೇಡ ಅಂತ ನಿಮ್ಮಪ್ಪ ಸಾಯೋ ತನಕ ಹೇಳ್ತಿದ್ರು" ಎಂದು ಅಮ್ಮ ಪೇಪರ್ ಮಡಚಿಟ್ಟು, ಕಿಟಕಿಯಿಂದ ಎದುರು ಮನೆಯ ಟೈಲರಮ್ಮನನ್ನು ಕೂಗಿದರು. ಟೈಲರಮ್ಮ ಕೊರಳಲ್ಲಿ ಅಳತೆ ಟೇಪಿನ ಸಮೇತ ಬಂದಳು. ಮಗಳ ಮಗನ ಫೋನಿಗೆ ಬೀಗ ಹಾಕಿ ಹಾಕಿ ಅವಳಿಗೆ ಇದರಲ್ಲಿ ಒಳ್ಳೆ ಕೈ ಪಳಗಿತ್ತು.

"ಇಲ್ಲಿ ನೋಡಿ ಅಮ್ಮ, ಬೆಂಕಿ ಪ್ರಯೋಗ ಅಂತಿದೆ. ಬೇಡ ಅಂತ ಹಾಕೋಣ. ಕರೆಂಟು? ಕೇಳಿ ಮಾಡ್ಲಿ ಅಂತ ಹಾಕೋಣ. ಮಧ್ಯೆ ಮಧ್ಯೆ ಕಣ್ಣಿಗೆ ರೆಸ್ಟು... ಹೌದು, ಬೇಕೇ ಬೇಕು."

"ರೀ, ನಾನು ಮೇಷ್ಟ್ರು!" ಎಂದರು ಮೇಷ್ಟ್ರು.

"ಎಲ್ಲಾ ಮಕ್ಕಳೂ ಶುರುನಲ್ಲಿ ಹಿಂಗೇ ರೇಗೋದು ಅಮ್ಮ. ಒಂದು ಸಲ ಸಡಿಲ ಬಿಟ್ರೆ ಮುಗೀತು" ಎಂದಳು ಟೈಲರಮ್ಮ, ತಲೆಯೆತ್ತದೆ.

ಕೊನೆಗೂ ಅಮ್ಮ 'ಆಗಲಿ' ಒತ್ತಿದರು. ಮೊಲ ಕುಪ್ಪಳಿಸಿತು. ಮೇಷ್ಟ್ರು ಅಂಗಿಯ ಗುಂಡಿಯನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು ಶಾಲೆಗೆ ಓಡಿದರು.

ಎಂಟನೇ ತರಗತಿಯ ಗೋಡೆಗೆ ದೊಡ್ಡ ಪರದೆ ಕಟ್ಟಿತ್ತು. ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್, ಅವರ ಪಕ್ಕ ಇನ್ಸ್‌ಪೆಕ್ಟರ್ ಮೇಡಂ, ಮಡಿಲಲ್ಲಿ ಕೈಚೀಲ. ಮಕ್ಕಳು ಎಂದಿನಂತೆ ಗದ್ದಕ್ಕೆ ಕೈ ಕೊಟ್ಟು ಕೂತಿದ್ದರು. ಮೇಷ್ಟ್ರಿಗೆ ಶಾಲೆಯಲ್ಲಿ 'ಗುರುತ್ವಾಕರ್ಷಣೆ' ಎಂದು ಅಡ್ಡ ಹೆಸರಿತ್ತು. ಅವರು ಪಾಠ ಶುರು ಮಾಡಿದ ಕೂಡಲೇ ಮಕ್ಕಳ ತಲೆಗಳು ಒಂದೊಂದಾಗಿ ಬೆಂಚಿನ ಕಡೆಗೆ ಎಳೆಯಲ್ಪಡುತ್ತವೆ ಎಂಬುದು ಅದರ ಅರ್ಥ. ಹೆಸರು ಇಟ್ಟವರಿಗೆ ವಿಷಯ ಚೆನ್ನಾಗಿ ಅರ್ಥವಾಗಿದೆ ಎಂದು ಮೇಷ್ಟ್ರು ಒಳಗೊಳಗೇ ಒಪ್ಪಿಕೊಂಡಿದ್ದರು.

"ಸರ್, ಫೋನ್ ಕೊಡಿ, ನಾನು ಕನೆಕ್ಟ್ ಮಾಡ್ತೀನಿ" ಎಂದು ಕಂಪ್ಯೂಟರ್ ಮೇಷ್ಟ್ರು ಕೈಯಿಂದ ಕಿತ್ತುಕೊಂಡರು. ಪರದೆಗೂ ಜೋಡಿಸಿದರು, ಯಾರೂ ಕೇಳದಿದ್ದರೂ ಗೋಡೆಯ ಸ್ಪೀಕರಿಗೂ ಜೋಡಿಸಿದರು. "ಮೇಡಂಗೆ ಪ್ರತಿಯೊಂದು ಸೌಂಡೂ ಕೇಳ್ಬೇಕಲ್ಲ ಸರ್."

ಪರದೆಯ ತುಂಬ ಮೊಲ ಅರಳಿತು. "ಬಂದೆಯಾ ಪುಟ್ಟಾ! ಹಲ್ಲುಜ್ಜಿದೆಯಾ?"

ಬೆಂಚುಗಳಲ್ಲಿ ಸಣ್ಣ ಅಲೆ ಎದ್ದಿತು. ನಿಜ ಹೇಳಬೇಕೆಂದರೆ ಮೇಷ್ಟ್ರು ಅವತ್ತು ಹಲ್ಲುಜ್ಜಿರಲಿಲ್ಲ. ಅವರು ಬಾಯಿ ಬಿಗಿಹಿಡಿದು ಬ್ಯಾಟರಿಯನ್ನು ಎಳೆದರು, ಬಲ್ಬನ್ನು ಎಳೆದರು, ವೈರಿನ ತುದಿಯನ್ನು ಬ್ಯಾಟರಿಗೆ ತಾಗಿಸಿದರು. ಮೊಲ ಅಡ್ಡ ಬಂದು ಎರಡೂ ಕೈ ಚಾಚಿತು. "ಅಯ್ಯೋ ಪುಟ್ಟಾ, ಕರೆಂಟು! ದೊಡ್ಡವರನ್ನು ಕೇಳು! ನಿನ್ನ ಪೋಷಕರಿಗೆ ಕರೆ ಮಾಡುತ್ತಿದ್ದೇನೆ!"

ತಡೆಯುವುದರೊಳಗೆ ಫೋನು ರಿಂಗಾಯಿತು. ಗೋಡೆಯಿಂದ ಅಮ್ಮನ ಧ್ವನಿ ಹೊರಟಿತು.

"ಏನೋ ಮಗಾ, ಕರೆಂಟಿಗೆ ಕೈ ಹಾಕ್ತಿದ್ದೀಯಂತೆ?"

"ಅಮ್ಮ, ಕ್ಲಾಸಲ್ಲಿದ್ದೀನಿ. ಇನ್ಸ್‌ಪೆಕ್ಟರ್ ಮೇಡಂ ಇದ್ದಾರೆ. ಆಗಲಿ ಅಂತ ಒತ್ತಮ್ಮ."

"ಸ್ವಲ್ಪ ತಾಳು. ಚಿಕ್ಕವನಿದ್ದಾಗ ಪ್ಲಗ್ಗಿಗೆ ನನ್ನ ಹೇರ್‌ಪಿನ್ ಹಾಕಿ ಹಾರಿ ಬಿದ್ದಿದ್ದೆ, ನೆನಪಿದೆಯಾ? ಒಂದು ವಾರ ಲೈಟ್ ಸ್ವಿಚ್ಚು ಕಂಡ್ರೆ ಅಳ್ತಿದ್ದೆ."

ತರಗತಿ ಎದ್ದು ಕೂತಿತು. ಆ ಕೋಣೆಯಲ್ಲಿ ಅಷ್ಟು ಕಣ್ಣುಗಳು ಒಟ್ಟಿಗೆ ತೆರೆದಿದ್ದನ್ನು ಮೇಷ್ಟ್ರು ಎಂದೂ ಕಂಡಿರಲಿಲ್ಲ. "ಅಜ್ಜೀ, ಆಮೇಲೆ ಏನಾಯ್ತು?" ಎಂದು ಒಬ್ಬ ಕೂಗಿದ.

"ಯಾರಪ್ಪ ಅದು? ಆಮೇಲೇನು, ಮನೆಯ ಫ್ಯೂಸೇ ಹೋಯ್ತು" ಎಂದಿತು ಗೋಡೆ. "ನೋಡು ಮಗಾ, ಇದು ಅಪಾಯ ಇಲ್ಲ ಅಂತ ನನಗೆ ಅರ್ಥ ಮಾಡಿಸು, ಆಮೇಲೆ ಒತ್ತುತ್ತೀನಿ. ನನ್ನ ಫೋನಿಗೂ ಚಿತ್ರ ಬಂದಿದೆ. ಬ್ಯಾಟರಿಯಿಂದ ಬಲ್ಬಿಗೆ ಒಂದು ವೈರು ಹೋಗಿದೆಯಲ್ಲ, ಇನ್ನೊಂದು ವೈರು ಯಾಕೆ?"

"ಕರೆಂಟು ವಾಪಸ್ ಬರಬೇಕಲ್ಲಮ್ಮ. ಅದು... ಪೈಪಿನಲ್ಲಿ ನೀರು ಹರಿಯೋ ಹಾಗೆ" ಎಂದರು ಮೇಷ್ಟ್ರು. ಇಷ್ಟು ವರ್ಷವೂ ಅವರು ಹೇಳಿಕೊಂಡು ಬಂದಿದ್ದು ಅದನ್ನೇ.

"ನಮ್ಮನೆ ನಲ್ಲಿಗೆ ಬರೋದು ಒಂದೇ ಪೈಪು. ಬಕೆಟ್ಟಿಗೆ ಬಿದ್ದ ನೀರು ವಾಪಸ್ ಟ್ಯಾಂಕಿಗೆ ಹೋಗುತ್ತಾ?"

ಮೇಷ್ಟ್ರು ಬಾಯಿ ತೆರೆದರು. ಈ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ಯಾವ ಮಗುವೂ ಕೇಳಿರಲಿಲ್ಲ. ಕೇಳಬೇಕಾದರೆ ಎಚ್ಚರವಿರಬೇಕಲ್ಲ. "ಅದು ಹಾಗಲ್ಲಮ್ಮ... ಅಂದ್ರೆ ಹಾಗೇ, ಆದರೆ... ಇಲೆಕ್ಟ್ರಾನುಗಳು ಇರ್ತವೆ... ಅವು..." ಎಂದು ಮೂರು ಕಡೆಯಿಂದ ಶುರುಮಾಡಿ ಮೂರು ಕಡೆಯೂ ನಿಂತರು.

"ಅಜ್ಜೀ, ಚರಂಡಿ ಇದೆಯಲ್ಲ!" ಎಂದು ಒಬ್ಬ ಎದ್ದ. "ಚರಂಡಿ ಟ್ಯಾಂಕಿಗೆ ಹೋಗುತ್ತಾ, ದಡ್ಡ?" ಎಂದು ಇನ್ನೊಬ್ಬಳು ಎದ್ದಳು. ಗಲಾಟೆಯಾಯಿತು. ಬೆಂಚು ತಟ್ಟಿದರು, ಕಪ್ಪು ಹಲಗೆಗೆ ಓಡಿಬಂದು ಚಿತ್ರ ಬರೆದರು. ದಿನವೂ ಮೊದಲು ನಿದ್ದೆ ಹೋಗುತ್ತಿದ್ದ ಎರಡು ಜಡೆಯ ಹುಡುಗಿ ಗೋಡೆಯ ಹತ್ತಿರ ಹೋಗಿ ಸ್ಪೀಕರಿಗೆ ಹೇಳಿದಳು. "ಅಜ್ಜೀ, ನೀರಲ್ಲ, ಸೈಕಲ್ ಚೈನ್ ಅಂದ್ಕೊಳ್ಳಿ. ಚೈನು ಒಂದು ಸುತ್ತು ಪೂರ್ತಿ ಇದ್ರೇನೇ ಚಕ್ರ ತಿರುಗೋದು. ಮಧ್ಯೆ ತುಂಡಾದ್ರೆ ಎಷ್ಟು ತುಳಿದ್ರೂ ಇಲ್ಲ."

"ಹಾಂ, ಈಗ ಗೊತ್ತಾಯ್ತು. ಜಾಣೆ ಕಣಮ್ಮ ನೀನು" ಎಂದರು ಅಮ್ಮ, ಮತ್ತು ಒತ್ತಿದರು.

ಪರದೆಯ ಮೇಲೆ ಬಲ್ಬು ಹೊತ್ತಿತು. ತರಗತಿ ನಿಜವಾದ ಬಲ್ಬು ಹೊತ್ತಿದ ಹಾಗೆ ಕೂಗಿತು. ಅಷ್ಟರಲ್ಲಿ ಮೊಲ ಬಂದು "ಕಣ್ಣಿಗೆ ರೆಸ್ಟು! ಎಲ್ಲರೂ ಕಣ್ಣು ಮುಚ್ಚಿ!" ಎಂದಿತು. ಮಕ್ಕಳು ಮುಚ್ಚಿದರು, ಹೆಡ್‌ಮಿಸ್ ಮುಚ್ಚಿದರು, ಇನ್ಸ್‌ಪೆಕ್ಟರ್ ಮೇಡಂ ಕೂಡ ಮುಚ್ಚಿ ಕೂತರು. ತೆರೆದ ಕಣ್ಣಿನಲ್ಲಿ ನಿಂತಿದ್ದವರು ಇಬ್ಬರೇ. ಕಂಪ್ಯೂಟರ್ ಮೇಷ್ಟ್ರು ಕೋಪದಿಂದ ನೋಡುತ್ತಿದ್ದರು, ವಿಜ್ಞಾನದ ಮೇಷ್ಟ್ರು ಓಡಿಹೋಗಲು ಕಿಟಕಿಯ ಅಗಲ ನೋಡುತ್ತಿದ್ದರು.

ಓಡುವ ಅಗತ್ಯ ಬೀಳಲಿಲ್ಲ. ಗಂಟೆ ಹೊಡೆದ ಮೇಲೆ ಇನ್ಸ್‌ಪೆಕ್ಟರ್ ಮೇಡಂ ಎದ್ದು ಬಂದರು.

"ಇಂಥಾ ಪಾಠ ನಾನು ನೋಡಿಲ್ಲ ಮೇಷ್ಟ್ರೇ! ನೀವೇ ಮಗುವಾಗಿ ಖಾತೆ ತೆರೆದು, ಮನೆಯವರನ್ನೂ ಪಾಠಕ್ಕೆ ಸೇರಿಸಿ, ಬೇಕು ಬೇಕು ಅಂತ ಉತ್ತರ ಗೊತ್ತಿಲ್ಲದ ಹಾಗೆ ತಡವರಿಸಿ, ಮಕ್ಕಳ ಬಾಯಲ್ಲೇ ಹೇಳಿಸಿದ್ರಿ. ಎಲ್ಲಾ ಮೊದಲೇ ಯೋಚನೆ ಮಾಡಿದ್ದಾ?"

ನಿಜ ಹೇಳಲು ಮೇಷ್ಟ್ರಿಗೆ ಒಂದು ಕ್ಷಣ ಸಿಕ್ಕಿತ್ತು. ಆ ಕ್ಷಣದಲ್ಲಿ ಹತ್ತನೇ ತರಗತಿಯ ಕುರ್ಚಿ ಕಣ್ಣಮುಂದೆ ಬಂತು.

"ಏನೋ ಮೇಡಂ, ನನ್ನ ಚಿಕ್ಕ ಪ್ರಯತ್ನ" ಎಂದರು ಮೇಷ್ಟ್ರು, ತಲೆ ತಗ್ಗಿಸಿ. ತಲೆ ತಗ್ಗಿಸಿದಾಗ ಅಂಗಿಯ ಗುಂಡಿ ತಪ್ಪಿರುವುದು ಕಂಡಿತು. ಅದನ್ನೂ ಮೇಡಂ ಮಗುವಿನ ವೇಷದ ಭಾಗವೆಂದೇ ತಿಳಿದಿದ್ದರು.

"ತಡವರಿಸಿದ್ದಂತೂ ಅದ್ಭುತ. ನನಗೇ ನಂಬಿಕೆ ಬಂದುಬಿಡ್ತು" ಎಂದು ಮೇಡಂ ಫೋನು ತೆಗೆದರು. "ಈಗೆಲ್ಲ ಪಾರದರ್ಶಕವಾಗಿ ನಡೀಬೇಕು. ನಿಮ್ಮ ಖಾತೆಯನ್ನ ಮೇಲಿನ ತರಗತಿಗೆ ಏರಿಸಿ ಅಂತ ಇಲ್ಲಿಂದಲೇ ಶಿಫಾರಸು ಕಳಿಸ್ತಿದ್ದೀನಿ. ಹತ್ತನೇ ಕ್ಲಾಸಿನ ಪ್ರಯೋಗಶಾಲೆ ಯಾರ ಖಾತೆಗೆ ತೆರೆಯುತ್ತೋ, ಆ ಕ್ಲಾಸು ಅವರದ್ದೇ. ಮಕ್ಕಳ ಖಾತೆ ಆದ್ರಿಂದ ಪೋಷಕರು ಕೊನೇದಾಗಿ ಒಪ್ಪಬೇಕು, ಅಷ್ಟೇ. ಅದೇನು, ನಿಮ್ಮ ತಾಯಿಯವರೇ ಅಲ್ವಾ!"

ಎಲ್ಲರೂ ನಕ್ಕರು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ಹೆತ್ತ ತಾಯಿ! ಹೊಟ್ಟೆಯೊಳಗಿನ ಆಸೆ ಮೊದಲ ಬಾರಿಗೆ ಗಂಟಲ ತನಕ ಬಂದು ಕಣ್ಣು ಒದ್ದೆಯಾಯಿತು.

ಸ್ಟಾಫ್ ರೂಮಿನಲ್ಲಿ ಟೀ ಬಂತು. ಹೆಡ್‌ಮಿಸ್ ಹೊಸ ವೇಳಾಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆರೆದು, ಹತ್ತನೇ ತರಗತಿಯ ಚೌಕದಲ್ಲಿ ಬೆರಳಿಟ್ಟು ಕಾಯುತ್ತಿದ್ದರು. ಕಂಪ್ಯೂಟರ್ ಮೇಷ್ಟ್ರು ಸೋತವರ ದೊಡ್ಡತನದಿಂದ ಬಿಸ್ಕತ್ತು ಕೊಟ್ಟರು. ಮೇಷ್ಟ್ರು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಾ, ಫಲಿತಾಂಶದ ದಿನ ಯಾವ ಅಂಗಿ ಹಾಕಿಕೊಳ್ಳುವುದೆಂದು ಯೋಚಿಸುತ್ತಿದ್ದರು. ಅಮ್ಮನಿಗೆ ಫೋನು ಮಾಡಿದರು. ಬೇರೆ ಕರೆಯಲ್ಲಿದ್ದಾರೆ ಎಂದು ಬಂತು.

ಅಷ್ಟರಲ್ಲಿ ಮೇಷ್ಟ್ರ ಫೋನು ಟಿಂಗ್ ಎಂದಿತು. "ಬಂತು, ಬಂತು! ಜೋರಾಗಿ ಓದಿ ಸರ್" ಎಂದರು ಹೆಡ್‌ಮಿಸ್. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಓದಿದರು.

"ಬೇಸರ ಮಾಡಿಕೊಳ್ಳಬೇಡ ಪುಟ್ಟಾ. ನೀನು ಇನ್ನೂ ಒಂದು ವರ್ಷ ಇದೇ ತರಗತಿಯಲ್ಲಿರುವುದು ಒಳ್ಳೆಯದೆಂದು ನಿನ್ನ ಪೋಷಕರು ತಿಳಿಸಿದ್ದಾರೆ."

ಅದ್ದಿದ ಬಿಸ್ಕತ್ತು ಮುರಿದು ಟೀಯೊಳಗೆ ಮುಳುಗಿತು.

ಮೇಷ್ಟ್ರು ಮತ್ತೆ ಫೋನು ಮಾಡಿದರು. ಈ ಸಲ ಅಮ್ಮ ಸಿಕ್ಕಿದರು. "ಏನಮ್ಮ ಮಾಡಿದೆ ನೀನು? ತಪ್ಪು ಗುಂಡಿ ಒತ್ತಿದೆಯಾ? ಟೈಲರಮ್ಮ ಒತ್ತಿದಳಾ?"

"ಅವಳ ಹತ್ರ ಫೋನಲ್ಲಿ ಕೇಳಿದೆ, ನಿಮಗೆ ತೋಚಿದ್ದು ಮಾಡಿ ಅಂದ್ಲು. ನಾನೇ ಕಣೋ ಒತ್ತಿದ್ದು. 'ಮಗುವಿಗೆ ಈ ತರಗತಿಯ ಪಾಠ ಚೆನ್ನಾಗಿ ಅರ್ಥವಾಗಿದೆಯೇ? ಪ್ರಾಮಾಣಿಕವಾಗಿ ಉತ್ತರಿಸಿ' ಅಂತ ಬರೆದಿತ್ತು. ಹೇಗೋ ಸುಳ್ಳು ಹೇಳಲಿ? ಎರಡನೇ ವೈರು ಯಾಕೆ ಅಂತ ನಾನು ಕೇಳಿದ್ದಕ್ಕೆ ನೀನು ತಡವರಿಸಿದೆ. ಪಾಪ, ಆ ಹುಡುಗಿ ಹೇಳಿಕೊಟ್ಲು."

"ಅಮ್ಮ, ನಾನು ಆ ಕ್ಲಾಸಲ್ಲಿ ಓದೋ ಹುಡುಗ ಅಲ್ಲಮ್ಮ! ನಾನು ಆ ಕ್ಲಾಸಿನ ಮೇಷ್ಟ್ರು!"

"ಗೊತ್ತು ಕಣೋ, ನನಗೇನು ಅರಳು ಮರಳಾ?" ಎಂದರು ಅಮ್ಮ ಮೃದುವಾಗಿ. "ಹುಡುಗ ಆಗಿದ್ರೆ ಪಾಸು ಮಾಡಿಬಿಡ್ತಿದ್ದೆ."

ಹೆಡ್‌ಮಿಸ್ ಹತ್ತನೇ ತರಗತಿಯ ಚೌಕದಲ್ಲಿ ಕಂಪ್ಯೂಟರ್ ಮೇಷ್ಟ್ರ ಹೆಸರು ಬರೆದರು.